ಸೊಂಟದ ಪೆಟ್ಟಿಗೆ, ಬೆಲ್ಲಿನ ಮೈಕ್: ತಂತಿಯಿಲ್ಲದೆ ಸಾಗುವ ಸ್ಯಾಕ್ಸೋಫೋನ್ ಸ್ವರ



ಲಗ್ನದ ದಿನಗಳಲ್ಲಿ ವಿಜಯನಗರದಿಂದ ಬಸವೇಶ್ವರನಗರದ ಕಡೆಗೋ, ರಾಜಾಜಿನಗರದಿಂದ ಕೆಂಗೇರಿ ಉಪನಗರದ ಕಡೆಗೋ ಬೆಳಗಿನ ಹೊತ್ತು ಹೊರಟರೆ ದಾರಿಯುದ್ದಕ್ಕೂ ಕಲ್ಯಾಣ ಮಂಟಪಗಳು ಸಿಗುತ್ತವೆ. ಬಾಗಿಲಲ್ಲಿ ಬಾಳೆಕಂದು, ಒಳಗೆ ಓಲಗ. ಒಂದು ಕಾಲಕ್ಕೆ ಓಲಗವೆಂದರೆ ನಾಗಸ್ವರ ಮತ್ತು ಡೋಲು ಎಂದೇ ಅರ್ಥ. ಈಗ ಹಲವು ಮಂಟಪಗಳಲ್ಲಿ ನಾಗಸ್ವರದ ಪಕ್ಕದಲ್ಲೋ ಅದರ ಜಾಗದಲ್ಲೋ ಹಿತ್ತಾಳೆಯ ಹೊಳಪಿನ ಸ್ಯಾಕ್ಸೋಫೋನ್ ಕಾಣುತ್ತದೆ. ವರನನ್ನು ಎದುರುಗೊಳ್ಳುವಾಗ ವಾದಕರು ಬಾಗಿಲ ತನಕ ನಡೆದು ಹೋಗುತ್ತಾರೆ, ದಿಬ್ಬಣದ ಮುಂದೆ ನುಡಿಸುತ್ತಾ ಹಿಂತಿರುಗುತ್ತಾರೆ. ಅವರ ಮುಂದೆ ಮೈಕ್ ಸ್ಟ್ಯಾಂಡ್ ಇಲ್ಲ, ಕಾಲಿಗೆ ತೊಡರುವ ತಂತಿಯೂ ಇಲ್ಲ. ಆದರೂ ಸ್ವರ ಊಟದ ಮನೆಯ ಬಾಕ್ಸಿನವರೆಗೂ ಕೇಳುತ್ತದೆ. ಹೇಗೆ?

ಹತ್ತಿರ ಹೋಗಿ ನೋಡಿ. ವಾದ್ಯದ ಅಗಲ ಬಾಯಿಯ ಅಂಚಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದೊಂದು ಕಚ್ಚಿಕೊಂಡಿದೆ. ಅದರಿಂದ ಬಾಗಿದ ಒಂದು ಕಡ್ಡಿ ಹೊರಟಿದೆ, ಕಡ್ಡಿಯ ತುದಿಯಲ್ಲಿ ಪುಟ್ಟ ಮೈಕ್ ಇದೆ. ಅದರ ಸಣ್ಣ ತಂತಿ ವಾದಕರ ಸೊಂಟದಲ್ಲಿರುವ ಪೆಟ್ಟಿಗೆಗೆ ಇಳಿದಿದೆ. ನಮ್ಮ ಮೈಕ್ ಸೆಟ್‌ನವರ ಮಾತಿನಲ್ಲಿ ಇದು ‘ಕಾರ್ಡ್‌ಲೆಸ್’. ನೋಡಲು ಸರಳವಾದ ಈ ಏರ್ಪಾಟಿನಲ್ಲಿ ನಿಮ್ಮ ಭೌತವಿಜ್ಞಾನ ಪಠ್ಯದ ನಾಲ್ಕಾರು ಅಧ್ಯಾಯಗಳು ಒಟ್ಟಿಗೆ ಕೆಲಸ ಮಾಡುತ್ತಿವೆ. ಅವುಗಳಲ್ಲಿ ಒಂದು ತಪ್ಪಿದರೂ, ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಎಂದಾಗ ಬಾಕ್ಸಿನಿಂದ ಸ್ವರ ಬರುವ ಬದಲು ‘ಖರ್’ ಎಂಬ ಸದ್ದು ಬರುತ್ತದೆ. ಆ ಗಳಿಗೆ ಮತ್ತೆ ಬರುವುದಿಲ್ಲ. ತಿಂಗಳುಗಟ್ಟಲೆ ಮುಹೂರ್ತಕ್ಕಾಗಿ ಕಾಯುವ ಕಲಾವಿದರ ಹೆಸರು ಆ ಒಂದು ನಿಮಿಷದ ಮೇಲೆ ನಿಂತಿರುತ್ತದೆ. ಆದ್ದರಿಂದ ಈ ಪುಟ್ಟ ಸಾಧನವನ್ನು ಸ್ವಲ್ಪ ತಾಳ್ಮೆಯಿಂದ ಅರಿಯೋಣ.

ವಾದ್ಯ ಬಂದ ದಾರಿ

ಸ್ಯಾಕ್ಸೋಫೋನ್ ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ರೂಪಿಸಿದ ವಾದ್ಯ. ಅವರು 1846ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಹಕ್ಕುಪತ್ರ ಪಡೆದರು. ಪಾಶ್ಚಾತ್ಯ ಸೇನಾ ಬ್ಯಾಂಡುಗಳ ಮೂಲಕ ಅದು ಲೋಕವನ್ನೆಲ್ಲ ಸುತ್ತಿತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿಯೂ ಅದಕ್ಕೆ ಸ್ಥಾನವಿತ್ತು. ಆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ನಾದ ಕೇಳಿ ಮನಸೋತ ಯುವಕನೊಬ್ಬ ಅದನ್ನು ಕರ್ನಾಟಕ ಸಂಗೀತದ ಕಛೇರಿ ವೇದಿಕೆಗೆ ಏರಿಸಿದ ಕಥೆ ನಮ್ಮ ನಾಡಿನದೇ. ಅವರೇ ಕದ್ರಿ ಗೋಪಾಲನಾಥ್.

ಅವರು 1949ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಸಜಿಪದಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಮತ್ತು ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಗೋಪಾಲನಾಥರ ಶಿಕ್ಷಣ ನಡೆಯಿತು. ಕೀಲಿಗಳನ್ನು ಒತ್ತಿ ಬಿಡಿಬಿಡಿ ಸ್ವರ ಹೊರಡಿಸಲೆಂದು ಮಾಡಿದ ವಾದ್ಯದಲ್ಲಿ, ಸ್ವರದಿಂದ ಸ್ವರಕ್ಕೆ ಜಾರುವ ಗಮಕವನ್ನು ಉಸಿರು, ತುಟಿ ಮತ್ತು ಬೆರಳುಗಳ ಹದದಿಂದ ಅವರು ಸಾಧಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನಾಡ್ ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2019ರ ಅಕ್ಟೋಬರ್ 11ರಂದು ಅವರು ನಿಧನರಾದರು. ಇಂದು ಕರಾವಳಿಯಲ್ಲಿಯೂ ಬೆಂಗಳೂರಿನಲ್ಲಿಯೂ ಮದುವೆ, ದೇವರ ಉತ್ಸವಗಳಲ್ಲಿ ಸ್ಯಾಕ್ಸೋಫೋನ್ ಪರಕೀಯವೆನಿಸದಿದ್ದರೆ ಅದಕ್ಕೆ ಅವರ ಸಾಧನೆ ಬಹುಮಟ್ಟಿಗೆ ಕಾರಣ.

ಗಮಕದ ಮಾತನ್ನು ಇಲ್ಲಿ ಹೇಳಲು ಕಾರಣವುಂಟು. ಕಛೇರಿಯಲ್ಲಿ ಕಲಾವಿದರು ಚಕ್ಕಂಬಟ್ಟಲು ಹಾಕಿ ಒಂದೇ ಕಡೆ ಕುಳಿತಿರುತ್ತಾರೆ. ಅವರಿಗೆ ಎದುರಿನ ಸ್ಟ್ಯಾಂಡ್ ಮೈಕೇ ಸಾಕು. ನಡೆದಾಡುತ್ತ ನುಡಿಸುವವರಿಗೆ ಅದು ಒದಗದು. ವಾದ್ಯಕ್ಕೆ ಕಚ್ಚಿಸಿದ ಮೈಕ್ ಒದಗುತ್ತದೆ, ನಿಜ. ಆದರೆ ಗಮಕದ ನಯ, ಸ್ವರದ ಕೊನೆಯಲ್ಲಿ ಕರಗುವ ಉಸಿರು, ಇವನ್ನು ಅದು ಹಾಗೆಯೇ ಒಯ್ಯಬೇಕು. ಸದ್ದನ್ನು ಜೋರು ಮಾಡುವುದು ಸುಲಭ. ನಾದವನ್ನು ಕೆಡಿಸದೆ ಜೋರು ಮಾಡುವುದರಲ್ಲಿಯೇ ಕಷ್ಟವಿರುವುದು.

ಸ್ವರ ಹೊರಡುವುದು ಎಲ್ಲಿಂದ?

ಸ್ಯಾಕ್ಸೋಫೋನನ್ನು ಹಿತ್ತಾಳೆಯಿಂದ ಮಾಡಿದ್ದರೂ ಅದು ಕಹಳೆಯ ಜಾತಿಯದಲ್ಲ. ಬಾಯಿಗಿಡುವ ತುದಿಯಲ್ಲಿ ಬೆತ್ತದಂಥ ತೆಳುವಾದ ಒಂದು ರೀಡ್ ಇದೆ. ಉಸಿರು ತಾಗಿ ಅದು ಕಂಪಿಸಿದಾಗ ಶಂಕುವಿನಾಕಾರದ ಕೊಳವೆಯೊಳಗಿನ ಗಾಳಿ ಕಂಪಿಸುತ್ತದೆ. ಕೊಳವೆಯ ಮೈತುಂಬ ರಂಧ್ರಗಳು, ಅವಕ್ಕೆ ಮುಚ್ಚಳಗಳು. ಮುಚ್ಚಳ ತೆರೆದಂತೆ ಕೊಳವೆಯ ಪರಿಣಾಮಕಾರಿ ಉದ್ದ ಕಡಿಮೆಯಾಗಿ ಸ್ವರ ಏರುತ್ತದೆ.

ಈಗ ಒಂದು ಪ್ರಶ್ನೆ. ಸದ್ದು ಹೊರಬರುವುದು ಎಲ್ಲಿಂದ? ‘ಆ ದೊಡ್ಡ ಬಾಯಿಯಿಂದ’ ಎಂದು ನೀವು ಹೇಳುವಿರಿ. ಆ ಬಾಯಿಗೆ ವಾದಕರು ಬೆಲ್ ಎನ್ನುತ್ತಾರೆ. ನಿಮ್ಮ ಉತ್ತರ ಅರ್ಧ ಮಾತ್ರ ಸರಿ. ಎಲ್ಲ ಮುಚ್ಚಳಗಳನ್ನೂ ಮುಚ್ಚಿ ಅತಿ ಕೆಳಗಿನ ಸ್ವರ ನುಡಿಸಿದಾಗ ಸದ್ದೆಲ್ಲ ಬೆಲ್ಲಿನಿಂದ ಬರುತ್ತದೆ. ಮೇಲಿನ ಸ್ವರಗಳಲ್ಲಿ ಹಾಗಲ್ಲ. ಸ್ವರದ ಮೂಲ ಕಂಪನದ ಹೆಚ್ಚು ಭಾಗ ಮೊದಮೊದಲ ತೆರೆದ ರಂಧ್ರಗಳಿಂದಲೇ ಹೊರಬೀಳುತ್ತದೆ. ಆ ಸ್ವರಕ್ಕೆ ಹೊಳಪು ಕೊಡುವ ಎತ್ತರದ ಉಪಸ್ವರಗಳು ಮಾತ್ರ ತೆರೆದ ರಂಧ್ರಗಳನ್ನು ದಾಟಿ ಬೆಲ್ಲಿನ ತನಕ ಸಾಗುತ್ತವೆ.

ಮೈಕನ್ನು ಬೆಲ್ಲಿನ ಹೊಟ್ಟೆಯೊಳಗೆ ತೂರಿಸಿಟ್ಟರೆ ಏನಾಗುತ್ತದೆ ಎಂದು ಈಗ ನೀವೇ ಊಹಿಸಬಹುದು. ಕೆಳಗಿನ ಷಡ್ಜ ಗುಡುಗುತ್ತದೆ, ಮೇಲಿನ ಸ್ವರಗಳು ತೆಳುವಾಗಿ ಕೀರಲಾಗುತ್ತವೆ. ಆರೋಹಣದಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಬಣ್ಣ ಬರುತ್ತದೆ. ಆದ್ದರಿಂದ ತಿಳಿದವರು ಕ್ಲಿಪ್ಪನ್ನು ಬೆಲ್ಲಿನ ಅಂಚಿಗೆ ಹಾಕಿದರೂ ಮೈಕಿನ ಮುಖವನ್ನು ಬೆಲ್ಲಿನ ನಡುವಿಗೆ ತಿರುಗಿಸುವುದಿಲ್ಲ. ಕಡ್ಡಿಯನ್ನು ಬಾಗಿಸಿ, ಅಂಚಿನಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ, ಕೀಲಿಗಳ ಸಾಲಿನ ಕಡೆಗೆ ತುಸು ಓರೆಯಾಗಿ ನಿಲ್ಲಿಸುತ್ತಾರೆ. ಆಗ ಬೆಲ್ಲಿನ ಸದ್ದು, ರಂಧ್ರಗಳ ಸದ್ದು ಎರಡೂ ಹದವಾಗಿ ಸೇರುತ್ತವೆ. ಒಂದೆರಡು ಅಂಗುಲ ಆಚೆ ಈಚೆ ಸರಿಸಿದರೂ ನಾದ ಬದಲಾಗುವುದನ್ನು ಕಿವಿಯಿಂದಲೇ ತಿಳಿಯಬಹುದು.

ವಾದ್ಯಕ್ಕೆ ಕಚ್ಚುವ ಮೈಕ್

ಟಿವಿಯಲ್ಲಿ ವಾರ್ತೆ ಓದುವವರ ಸೀರೆಯ ಸೆರಗಿಗೋ ಕೋಟಿಗೋ ಸಿಕ್ಕಿಸಿದ ಕಾಲರ್ ಮೈಕನ್ನು ನೀವು ಕಂಡಿದ್ದೀರಿ. ಅದನ್ನೇ ಸ್ಯಾಕ್ಸೋಫೋನಿಗೆ ಕಟ್ಟಿದರೆ ಸಾಲದೆ? ಸಾಲದು. ಕಾಲರ್ ಮೈಕ್ ಮಾತಿನ ಮೆಲುದನಿಗಾಗಿ ಮಾಡಿದ್ದು. ಸ್ಯಾಕ್ಸೋಫೋನಿನ ಬೆಲ್ಲಿನ ಹತ್ತಿರ ಸದ್ದಿನ ಮಟ್ಟ 110 ಡೆಸಿಬೆಲ್ ದಾಟಬಹುದು. ಅಂಥ ಒತ್ತಡಕ್ಕೆ ಮಾತಿನ ಮೈಕ್ ತಾಳದೆ ಸ್ವರ ಒಡೆಯುತ್ತದೆ. ಅಲ್ಲದೆ ಹೆಚ್ಚಿನ ಕಾಲರ್ ಮೈಕುಗಳು ಎಲ್ಲ ದಿಕ್ಕಿನ ಸದ್ದನ್ನೂ ಸಮನಾಗಿ ಹಿಡಿಯುತ್ತವೆ. ಪಕ್ಕದಲ್ಲಿಯೇ ಡೋಲು ಇದ್ದರೆ ಸ್ಯಾಕ್ಸೋಫೋನಿನ ಮೈಕಿನಲ್ಲಿ ಡೋಲೇ ಮೆರೆಯುತ್ತದೆ. ವಾದ್ಯದ ಮೈಕ್ ಮುಂದಿನ ಸದ್ದನ್ನು ಹೆಚ್ಚಾಗಿಯೂ ಹಿಂದಿನದನ್ನು ಕಡಿಮೆಯಾಗಿಯೂ ಹಿಡಿಯುವಂಥದ್ದಾಗಿರಬೇಕು.

ಈ ಪುಟ್ಟ ಮೈಕಿನೊಳಗೆ ಇರುವುದು ಒಂದು ಕೆಪಾಸಿಟರ್. ತೆಳುವಾದ ಪ್ಲಾಸ್ಟಿಕ್ ಪೊರೆಯೊಂದು ಲೋಹದ ತಟ್ಟೆಯ ಎದುರು ನಿಂತಿದೆ. ಸದ್ದು ತಾಗಿ ಪೊರೆ ಅಲುಗಿದಾಗ ಅಂತರ ಬದಲಾಗಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಇದಕ್ಕೆ ಬೇಕಾದ ವಿದ್ಯುದಾವೇಶವನ್ನು ತಯಾರಿಸುವಾಗಲೇ ಶಾಶ್ವತವಾಗಿ ತುಂಬಿಟ್ಟಿರುತ್ತಾರೆ. ಹೀಗೆ ಆವೇಶ ಹಿಡಿದಿಟ್ಟ ವಸ್ತುವಿಗೆ ಎಲೆಕ್ಟ್ರೆಟ್ ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್‌ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ಈ ಬಗೆಯ ಪೊರೆಯ ಮೈಕನ್ನು ರೂಪಿಸಿದರು. ಟೆಲಿಫೋನಿನಿಂದ ಹಿಡಿದು ಟೇಪ್ ರೆಕಾರ್ಡರಿನವರೆಗೆ ಅದು ಹಬ್ಬಿತು. ಬೆಂಗಳೂರಿನ ಎಸ್. ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಟನ್ನಿನಷ್ಟು ಗಾತ್ರದ ಎಲೆಕ್ಟ್ರೆಟ್ ಮೈಕ್ ಇಂದಿಗೂ ಅಗ್ಗದ ಬೆಲೆಗೆ ಸಿಗುತ್ತದೆ. ಕಾಲೇಜಿನ ಪ್ರಯೋಗಕ್ಕೆ ಅದು ತುಂಬ ಒಳ್ಳೆಯದು.

ಇನ್ನೊಂದು ತೊಡಕು ಸದ್ದಿನದಲ್ಲ, ಅದುರಿನದು. ಮುಚ್ಚಳಗಳು ಬಡಿಯುವ ‘ಟಪ್ ಟಪ್’ ಅದುರು ವಾದ್ಯದ ಲೋಹದ ಮೂಲಕ ಕ್ಲಿಪ್ಪಿಗೂ ಅಲ್ಲಿಂದ ಮೈಕಿಗೂ ಸಾಗುತ್ತದೆ. ಆದ್ದರಿಂದ ಒಳ್ಳೆಯ ಕ್ಲಿಪ್ಪಿನಲ್ಲಿ ಮೈಕನ್ನು ರಬ್ಬರಿನ ನಡುವೆ ತೂಗಿಸಿರುತ್ತಾರೆ. ರಬ್ಬರು ಒಣಗಿ ಬಿರಿದರೆ ಮೈಕಿನಲ್ಲಿ ರಾಗಕ್ಕಿಂತ ಕೀಲಿಯ ಸದ್ದೇ ಹೆಚ್ಚು ಕೇಳಿಸೀತು.

ಕ್ಲಿಪ್ ಮೈಕಿನ ದೊಡ್ಡ ಲಾಭವೇನು? ದೂರ ಬದಲಾಗದಿರುವುದು. ಸದ್ದಿನ ಮೂಲದಿಂದ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸ್ಟ್ಯಾಂಡ್ ಮೈಕಿನ ಮುಂದೆ ವಾದಕರು ವಾದ್ಯವನ್ನು 20 ಸೆಂಟಿಮೀಟರಿನಿಂದ 80 ಸೆಂಟಿಮೀಟರಿಗೆ ಒಯ್ದರೆ ಅಂದಾಜು 12 ಡೆಸಿಬೆಲ್ ನಷ್ಟ. ವಾದ್ಯಕ್ಕೇ ಕಚ್ಚಿಕೊಂಡ ಮೈಕಿಗೆ ಈ ಏರುಪೇರಿಲ್ಲ. ಮೈಕ್ ಹತ್ತಿರವೇ ಇರುವುದರಿಂದ ಅದನ್ನು ಹೆಚ್ಚು ಜೋರು ಮಾಡಬೇಕಾಗಿಲ್ಲ. ಆದಕಾರಣ ಬಾಕ್ಸಿನ ಸದ್ದು ತಿರುಗಿ ಮೈಕಿಗೆ ಹೊಕ್ಕು ‘ಕೂಂ’ ಎಂದು ಕೂಗುವ ಭಯವೂ ಕಡಿಮೆ.

ಸೊಂಟದ ಪೆಟ್ಟಿಗೆಯ ಕೆಲಸ

ಸೊಂಟದಲ್ಲಿರುವುದು ಒಂದು ಪುಟ್ಟ ಬಾನುಲಿ ಕೇಂದ್ರ ಎನ್ನಿ! ಮೈಕಿಗೆ ಬೇಕಾದ ಕೆಲವು ವೋಲ್ಟ್ ವಿದ್ಯುತ್ತನ್ನು ಅದು ಕೊಡುತ್ತದೆ. ಮೈಕಿನ ಸಂಕೇತವನ್ನು ರೇಡಿಯೋ ತರಂಗದ ಮೇಲೆ ಕೂರಿಸಿ ಹೊರಡಿಸುತ್ತದೆ. ವೇದಿಕೆಯ ಬದಿಯಲ್ಲಿರುವ ಗ್ರಾಹಕ ಪೆಟ್ಟಿಗೆ, ಅಂದರೆ ರಿಸೀವರ್, ಅದನ್ನು ಹಿಡಿದು ಮಿಕ್ಸರಿಗೆ ಒಪ್ಪಿಸುತ್ತದೆ. ಇದು ಹೊಸ ಉಪಾಯವೇನಲ್ಲ. ಅಮೆರಿಕದ ಶೂರ್ ಕಂಪನಿ 1953ರಲ್ಲಿಯೇ ‘ವ್ಯಾಗಬಾಂಡ್’ ಎಂಬ ತಂತಿರಹಿತ ಮೈಕನ್ನು ಮಾರುಕಟ್ಟೆಗೆ ತಂದಿತ್ತು.

ಅನಲಾಗ್ ಬಗೆಯ ಪೆಟ್ಟಿಗೆಗಳು ಎಫ್.ಎಂ. ರೇಡಿಯೋದ ತತ್ತ್ವವನ್ನೇ ಅನುಸರಿಸುತ್ತವೆ. ಆದರೆ ವಾದ್ಯದ ಮೆಲುದನಿಗೂ ಅಬ್ಬರಕ್ಕೂ ನಡುವಿನ ಅಂತರ ದೊಡ್ಡದು. ಅಷ್ಟನ್ನೂ ಇಕ್ಕಟ್ಟಾದ ರೇಡಿಯೋ ದಾರಿಯಲ್ಲಿ ಒಯ್ಯಲಾಗದು. ಆದ್ದರಿಂದ ಕಳಿಸುವಾಗ ಆ ಅಂತರವನ್ನು ಅರ್ಧಕ್ಕೆ ಕುಗ್ಗಿಸಿ, ಹಿಡಿದ ಮೇಲೆ ಮತ್ತೆ ಹಿಗ್ಗಿಸುತ್ತಾರೆ. ಹಾಸಿಗೆ ಸುತ್ತಿ ಬಸ್ಸಿನ ಮೇಲೆ ಹಾಕಿ, ಊರು ತಲಪಿದ ಮೇಲೆ ಬಿಡಿಸಿ ಹಾಸಿದಂತೆ. ಅಗ್ಗದ ಸಾಧನಗಳಲ್ಲಿ ಈ ಸುತ್ತುವಿಕೆ, ಬಿಡಿಸುವಿಕೆ ಸರಿಹೊಂದದೆ ದೀರ್ಘ ಸ್ವರದ ಕೊನೆಯಲ್ಲಿ ‘ಹುಸ್’ ಎಂಬ ಉಸಿರಾಟದಂಥ ಸದ್ದು ಕೇಳುತ್ತದೆ. ಡಿಜಿಟಲ್ ಬಗೆಯಲ್ಲಿ ಸದ್ದನ್ನು ಅಂಕಿಗಳಾಗಿ ಮಾಡಿ ಕಳಿಸುವುದರಿಂದ ಈ ತೊಂದರೆ ಇಲ್ಲ. ಆದರೆ ಬೇರೊಂದು ತೊಂದರೆ ಇದೆ. ಅದನ್ನು ಮುಂದೆ ನೋಡೋಣ.

ರೇಡಿಯೋ ತರಂಗದ ಉದ್ದ ಎಷ್ಟು? ನಿಮಗೆ ಸೂತ್ರ ಗೊತ್ತು. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಬೇಕು. 600 ಮೆಗಾಹರ್ಟ್ಸ್ ಆದರೆ 50 ಸೆಂಟಿಮೀಟರ್. 2.4 ಗಿಗಾಹರ್ಟ್ಸ್ ಆದರೆ ಹನ್ನೆರಡೂವರೆ ಸೆಂಟಿಮೀಟರ್. ಈ ತರಂಗ ನೇರವಾಗಿಯೂ ಬರುತ್ತದೆ, ಮಂಟಪದ ಗೋಡೆ, ಕಬ್ಬಿಣದ ಕಂಬ, ತಗಡಿನ ಚಾವಣಿಗಳಿಗೆ ಬಡಿದು ಸುತ್ತಿ ಬಳಸಿಯೂ ಬರುತ್ತದೆ. ಎರಡು ದಾರಿಗಳ ವ್ಯತ್ಯಾಸ ಅರ್ಧ ತರಂಗದೂರವಾದರೆ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರಿ ಎರಡೂ ಅಳಿಯುತ್ತವೆ. ವಾದಕರು ಅಂಥ ಜಾಗದಲ್ಲಿ ಕಾಲಿಟ್ಟೊಡನೆ ಸದ್ದು ಕತ್ತರಿಸುತ್ತದೆ, ಒಂದು ಹೆಜ್ಜೆ ಮುಂದಿಟ್ಟರೆ ಮರಳುತ್ತದೆ. ಇದಕ್ಕೆ ಪರಿಹಾರವಾಗಿ ಒಳ್ಳೆಯ ಗ್ರಾಹಕಗಳಿಗೆ ಎರಡು ಆಂಟೆನಾ ಇರುತ್ತವೆ. ಒಂದಕ್ಕೆ ಸಂಕೇತ ಸಿಗದ ಕ್ಷಣದಲ್ಲಿ ಇನ್ನೊಂದಕ್ಕೆ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಮಡಚಿಟ್ಟರೆ ಈ ಲಾಭವೆಲ್ಲ ಹೋಯಿತು. ಅವನ್ನು ಎರಡು ಕಡೆಗೆ ಓರೆಯಾಗಿ ಚಾಚಿಡಬೇಕು.

ಇನ್ನೂ ಒಂದು ವಿಷಯ. ನಮ್ಮ ದೇಹದಲ್ಲಿ ನೀರಿನಂಶವೇ ಹೆಚ್ಚು. ನೀರು ಈ ತರಂಗಗಳನ್ನು ಹೀರುತ್ತದೆ. ಪೆಟ್ಟಿಗೆ ವಾದಕರ ಬೆನ್ನ ಹಿಂದಿದ್ದು ಗ್ರಾಹಕ ಎದುರಿಗಿದ್ದರೆ ನಡುವೆ ದೇಹವೇ ಗೋಡೆ. ದಿಬ್ಬಣದ ಜನ ಸುತ್ತುವರಿದರೆ ಇನ್ನಷ್ಟು ಗೋಡೆಗಳು! ಆದ್ದರಿಂದ ಗ್ರಾಹಕವನ್ನು ನೆಲದ ಮೇಲೆ, ಮೇಜಿನಡಿಯಲ್ಲಿ ಇಡದೆ ಜನರ ತಲೆಗಿಂತ ಎತ್ತರದಲ್ಲಿ, ವಾದಕರು ಕಾಣುವ ಜಾಗದಲ್ಲಿ ಇಡಬೇಕು.

ಗಾಳಿಯಲ್ಲಿ ಜಾಗ ಯಾರದು?

ಗಾಳಿ ಎಲ್ಲರದು, ಆದರೆ ಆವೃತ್ತಿ ಎಲ್ಲರದಲ್ಲ. ಯಾವ ಆವೃತ್ತಿಯನ್ನು ಯಾರು ಬಳಸಬೇಕೆಂಬುದನ್ನು ನಮ್ಮ ದೇಶದಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ನಿರ್ಧರಿಸುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿ ಇಲ್ಲದೆಯೇ ಬಳಸಬಹುದು. ಅದಕ್ಕೇ ಅಲ್ಲಿ ಜನಸಂದಣಿ. ವೈಫೈ, ಬ್ಲೂಟೂತ್ ಎಲ್ಲವೂ ಅಲ್ಲಿವೆ. ಬೆಳಗ್ಗೆ ಖಾಲಿ ಮಂಟಪದಲ್ಲಿ ಚೆನ್ನಾಗಿ ನುಡಿದ ಮೈಕ್, ಐನೂರು ಅತಿಥಿಗಳು ಐನೂರು ಮೊಬೈಲ್ ಹಿಡಿದು ಒಳಗೆ ಬಂದೊಡನೆ ತಡವರಿಸಲು ಇದು ಒಂದು ಕಾರಣ.

ಹಳೆಯ ಸಾಧನ ಕೊಳ್ಳುವವರು ಮತ್ತೊಂದು ಸಂಗತಿ ತಿಳಿದಿರಬೇಕು. 700 ಮೆಗಾಹರ್ಟ್ಸ್ ಪಟ್ಟಿಯನ್ನು 2022ರ ಹರಾಜಿನಲ್ಲಿ ಮೊಬೈಲ್ ಸೇವೆಗೆ ಕೊಡಲಾಯಿತು. ಅದಕ್ಕೆ ಮೊದಲು ತಯಾರಾದ ಅನೇಕ ಕಾರ್ಡ್‌ಲೆಸ್ ಮೈಕುಗಳು ಆ ಪಟ್ಟಿಯಲ್ಲಿಯೇ ಕೆಲಸ ಮಾಡುವಂಥವು. ಅಂಥದನ್ನು ಅಗ್ಗವೆಂದು ಕೊಂಡರೆ, ಪಕ್ಕದ ಕಟ್ಟಡದ ಮೇಲಿನ ಮೊಬೈಲ್ ಗೋಪುರದೊಡನೆ ಸೆಣಸಬೇಕಾಗುತ್ತದೆ. ಕೊಳ್ಳುವ ಮೊದಲು ಪೆಟ್ಟಿಗೆಯ ಹಿಂಬದಿಯಲ್ಲಿ ಬರೆದ ಆವೃತ್ತಿಯನ್ನು ಓದಿ. ಅದನ್ನು ಇಲ್ಲಿ ಬಳಸಲು ಅನುಮೋದನೆ ಉಂಟೇ ಎಂದು ಅಂಗಡಿಯವರನ್ನು ಕೇಳಿ.

ಒಂದೇ ಮಂಟಪದಲ್ಲಿ ಪುರೋಹಿತರಿಗೊಂದು, ಸ್ಯಾಕ್ಸೋಫೋನಿಗೊಂದು, ಗಾಯಕರಿಗೊಂದು ಎಂದು ಮೂರು ಕಾರ್ಡ್‌ಲೆಸ್ ಮೈಕುಗಳಿದ್ದರೆ ಆವೃತ್ತಿಗಳನ್ನು ಸಮ ಅಂತರದಲ್ಲಿ ಹಂಚುವುದು ನ್ಯಾಯವೆಂದು ತೋರುತ್ತದೆ. ಅದೇ ತಪ್ಪು! ಎರಡು ಪ್ರಸಾರಕಗಳು ಹತ್ತಿರ ಬಂದಾಗ ಅವು ಬೆರೆತು ಹೊಸ ಆವೃತ್ತಿಗಳನ್ನು ಹುಟ್ಟಿಸುತ್ತವೆ. ಒಂದನೆಯದರ ಎರಡರಷ್ಟರಿಂದ ಇನ್ನೊಂದನ್ನು ಕಳೆದರೆ ಅವುಗಳಲ್ಲಿ ಮುಖ್ಯವಾದುವು ಸಿಗುತ್ತವೆ. ಉದಾಹರಣೆಗೆ 600.0 ಮತ್ತು 600.4 ಮೆಗಾಹರ್ಟ್ಸ್ ತೆಗೆದುಕೊಳ್ಳಿ. ಹುಟ್ಟುವ ಮಕ್ಕಳು 599.6 ಮತ್ತು 600.8. ಮೂರನೆಯ ಮೈಕನ್ನು ಸಮ ಅಂತರವೆಂದು 600.8ರಲ್ಲಿಯೇ ಇಟ್ಟರೆ ಗದ್ದಲ ತಪ್ಪದು. ಅದನ್ನು ಈ ಎರಡೂ ಸಂಖ್ಯೆಗಳಿಂದ ದೂರ ಇಡಬೇಕು, ಇಟ್ಟ ಮೇಲೆ ಮೂರನ್ನೂ ಜೋಡಿ ಜೋಡಿಯಾಗಿ ಲೆಕ್ಕ ಹಾಕಿ ನೋಡಬೇಕು.

ತಡವೆಂಬ ತೊಡಕು

ಡಿಜಿಟಲ್ ಸಾಧನಗಳ ತೊಂದರೆಯೆಂದರೆ ತಡ. ಸದ್ದನ್ನು ಅಂಕಿಗಳಾಗಿಸಿ, ಕಳಿಸಿ, ಮತ್ತೆ ಸದ್ದಾಗಿಸಲು ಸಮಯ ಬೇಕು. ಉತ್ತಮ ಸಾಧನಗಳಲ್ಲಿ ಇದು ಕೆಲವೇ ಮಿಲಿಸೆಕೆಂಡು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಆದ್ದರಿಂದ 4 ಮಿಲಿಸೆಕೆಂಡು ತಡವೆಂದರೆ ಬಾಕ್ಸನ್ನು ಒಂದೂಕಾಲು ಮೀಟರಿಗಿಂತ ತುಸು ಹೆಚ್ಚು ದೂರ ಇಟ್ಟಂತೆ. ಇದು ಯಾರಿಗೂ ತಿಳಿಯದು. ಆದರೆ ಬ್ಲೂಟೂತ್ ಬಾಕ್ಸಿನಲ್ಲಿ ತಡ 100 ಮಿಲಿಸೆಕೆಂಡು ದಾಟುವುದು ಸಾಮಾನ್ಯ. ಅದು 34 ಮೀಟರ್ ದೂರಕ್ಕೆ ಸಮ. ಡೋಲಿನ ಪೆಟ್ಟು ನೇರವಾಗಿ ಕಿವಿಗೆ ಬೀಳುತ್ತದೆ, ಸ್ಯಾಕ್ಸೋಫೋನಿನ ಸ್ವರ ಕುಂಟುತ್ತ ಹಿಂದೆ ಬರುತ್ತದೆ. ತಾಳ ತಪ್ಪಿದವರು ಯಾರೂ ಅಲ್ಲ, ಆದರೂ ತಾಳ ತಪ್ಪಿದಂತೆ ಕೇಳುತ್ತದೆ! ನುಡಿಸುವವರ ಕಿವಿಗೂ ಗೊಂದಲ. ಆದ್ದರಿಂದ ಹಾಡು ಕೇಳಲು ಬ್ಲೂಟೂತ್ ಸರಿ, ಎದುರು ಕುಳಿತು ನುಡಿಸುವ ಸಂಗೀತಕ್ಕೆ ಸಲ್ಲದು.

ಬೇರೆ ಸುಷಿರ ವಾದ್ಯಗಳ ಮಾತು

ಉಸಿರಿನಿಂದ ನುಡಿಯುವ ವಾದ್ಯಗಳಿಗೆ ಸುಷಿರ ವಾದ್ಯಗಳೆಂದು ಹೆಸರು. ಒಂದೊಂದರ ಸ್ವಭಾವವೂ ಬೇರೆ. ಮೈಕ್ ಇಡುವ ಜಾಗವೂ ಬೇರೆ.

ಟ್ರಂಪೆಟ್ಟಿಗೆ ಮೈಮೇಲೆ ರಂಧ್ರಗಳಿಲ್ಲ. ಸದ್ದೆಲ್ಲ ಬೆಲ್ಲಿನಿಂದಲೇ. ಅಲ್ಲಿ ಬೆಲ್ಲಿನ ಅಂಚಿನ ಮೈಕ್ ಸಹಜವಾಗಿಯೇ ಒಪ್ಪುತ್ತದೆ, ನೇರ ನಡುವಿನಿಂದ ತುಸು ಓರೆಗಿಟ್ಟರೆ ತೀಕ್ಷ್ಣತೆ ತಗ್ಗುತ್ತದೆ. ಕ್ಲಾರಿಯೊನೆಟ್ಟಿನಲ್ಲಿ ಇದಕ್ಕೆ ವಿರುದ್ಧ. ಬೆಲ್ಲಿನಿಂದ ಬರುವುದು ಮುಖ್ಯವಾಗಿ ತೀರ ಕೆಳಗಿನ ಸ್ವರಗಳು. ಉಳಿದುವು ರಂಧ್ರಗಳಿಂದ. ಅದಕ್ಕೆ ಮೈಕ್ ನಡುಮೈಯ ಕಡೆ ನೋಡಬೇಕು.

ಕೊಳಲಿನಲ್ಲಿ ಊದುವ ರಂಧ್ರವೂ ತೆರೆದೇ ಇರುತ್ತದೆ. ಸ್ವರ ಅಲ್ಲಿಂದಲೂ ಬೆರಳಿನ ರಂಧ್ರಗಳಿಂದಲೂ ಹೊರಡುತ್ತದೆ. ಮೈಕ್ ತುಟಿಯ ಹತ್ತಿರವಿದ್ದರೆ ನಾದ ತುಂಬಿ ಬರುತ್ತದೆ, ಆದರೆ ಉಸಿರು ನೇರ ತಾಗಿದರೆ ‘ಫುಸ್’ ಎಂಬ ಸದ್ದು ಎಲ್ಲವನ್ನೂ ಮುಚ್ಚುತ್ತದೆ. ಉಸಿರಿನ ಹಾದಿಯಿಂದ ಪಕ್ಕಕ್ಕೆ ಸರಿಸಿ, ಮೈಕಿಗೆ ಸ್ಪಂಜಿನ ಟೋಪಿ ತೊಡಿಸಬೇಕು. ಬಿದಿರಿನ ಮೈಗೆ ಲೋಹದ ಕ್ಲಿಪ್ ಬಿಗಿದರೆ ಬಿರುಕು ಬಿಟ್ಟೀತು. ಮೆತ್ತನೆಯ ಪಟ್ಟಿಯೇ ಒಳ್ಳೆಯದು.

ನಾಗಸ್ವರದ ಮಾತೇ ಬೇರೆ. ದೇವಸ್ಥಾನದ ಬೀದಿಯಲ್ಲಿ, ಬಯಲಿನಲ್ಲಿ, ಯಾವ ಯಂತ್ರದ ಸಹಾಯವೂ ಇಲ್ಲದೆ ದೂರಕ್ಕೆ ಕೇಳಲೆಂದೇ ಹುಟ್ಟಿದ ವಾದ್ಯ ಅದು. ನಾಲ್ಕು ಗೋಡೆಗಳ ಮಂಟಪದಲ್ಲಿ ಅದಕ್ಕೆ ಮೈಕ್ ಬೇಕೇ ಎಂದು ಮೊದಲು ಕೇಳಿಕೊಳ್ಳಬೇಕು. ದೂರದ ಊಟದ ಮನೆಗೆ ಮಾತ್ರ ಬೇಕೆಂದಾದರೆ, ಹತ್ತಿರದ ಬಾಕ್ಸುಗಳಲ್ಲಿ ಅದನ್ನು ಮುಚ್ಚಿ, ದೂರದ ಬಾಕ್ಸಿಗೆ ಮಾತ್ರ ಮೆಲ್ಲಗೆ ಬಿಟ್ಟರೆ ಸಾಕು.

ಗಟ್ಟಿಮೇಳಕ್ಕೆ ಮುನ್ನ

ಕಾಲೇಜಿನ ವಾರ್ಷಿಕೋತ್ಸವದಲ್ಲೋ ಬಡಾವಣೆಯ ಗಣೇಶೋತ್ಸವದಲ್ಲೋ ರಾಜ್ಯೋತ್ಸವದಲ್ಲೋ ಈ ಕೆಲಸ ನಿಮ್ಮ ಪಾಲಿಗೆ ಬರಬಹುದು. ಆಗ ನೆನಪಿನಲ್ಲಿಡಬೇಕಾದ ಕ್ರಮ ಇಷ್ಟು.

ಮೊದಲು ಮೈಕ್ ಇಲ್ಲದೆ, ಎರಡು ಮೂರು ಮೀಟರ್ ದೂರ ನಿಂತು ವಾದ್ಯವನ್ನು ಕೇಳಿ. ಆ ನಾದ ಕಿವಿಯಲ್ಲಿ ನಿಲ್ಲಲಿ. ಬಾಕ್ಸಿನಿಂದ ಬರಬೇಕಾದುದು ಅದೇ. ಬಳಿಕ ಕಲಾವಿದರನ್ನು ಕೇಳಿಯೇ ಕ್ಲಿಪ್ ಹಾಕಿ. ವಾದ್ಯ ಅವರದು, ಬೆರಳು ಎಲ್ಲಿ ಓಡಾಡುತ್ತದೆಂದು ಬಲ್ಲವರೂ ಅವರೇ. ಮೈಕಿನ ತಂತಿಯನ್ನು ಸ್ವಲ್ಪ ಸಡಿಲ ಬಿಟ್ಟು ಕೀಲಿಗಳಿಗೆ ಸಿಕ್ಕದಂತೆ ಇಳಿಸಿ.

ಆಮೇಲೆ ಸೊಂಟದ ಪೆಟ್ಟಿಗೆಯ ಮಟ್ಟ. ‘ಹಲೋ, ಮೈಕ್ ಟೆಸ್ಟಿಂಗ್’ ಎಂದರೆ ಸಾಲದು. ಕಲಾವಿದರು ತಮ್ಮ ಅತಿ ಜೋರಿನ ಸಂಚಾರವನ್ನು ನುಡಿಸಬೇಕು. ಆಗ ಕೆಂಪು ದೀಪ ಅಪರೂಪಕ್ಕೊಮ್ಮೆ ಮಿನುಗಿದರೆ ಸರಿ, ಉರಿದೇ ಇದ್ದರೆ ಮಟ್ಟ ಇಳಿಸಿ. ಇಲ್ಲಿ ಒಡೆದ ಸ್ವರವನ್ನು ಮುಂದೆ ಯಾವ ಮಿಕ್ಸರೂ ಕೂಡಿಸಲಾರದು. ಸಾಮಾನ್ಯ ಆಲ್ಟೋ ಸ್ಯಾಕ್ಸೋಫೋನಿನ ಸ್ವರಗಳು ಸುಮಾರು 139ರಿಂದ 880 ಹರ್ಟ್ಸ್‌ವರೆಗೆ ಹರಡಿವೆ. ಆದ್ದರಿಂದ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಮಿಕ್ಸರಿನಲ್ಲಿ ಕತ್ತರಿಸಿದರೆ ರಾಗಕ್ಕೆ ನಷ್ಟವಿಲ್ಲ, ಹೆಜ್ಜೆಯ ಸದ್ದು, ಡೋಲಿನ ಅದುರು ತಗ್ಗುತ್ತವೆ.

ಬಳಿಕ ನಡೆಯಿರಿ. ವಾದಕರು ಹೋಗುವ ದಾರಿಯಲ್ಲಿ, ಬಾಗಿಲ ತನಕ, ಪೆಟ್ಟಿಗೆ ಕಟ್ಟಿಕೊಂಡು ನಡೆದು ನೋಡಿ. ಎಲ್ಲಿ ಕತ್ತರಿಸುತ್ತದೆಂದು ಮೊದಲೇ ತಿಳಿದರೆ ಗ್ರಾಹಕದ ಜಾಗ ಬದಲಿಸಬಹುದು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಪೆನ್ಸಿಲ್ ಸೆಲ್ಲು. ರೇಡಿಯೋ ತತ್ತ್ವವೆಲ್ಲ ಸರಿಯಿದ್ದೂ ಹತ್ತಾರು ರೂಪಾಯಿಯ ಸೆಲ್ಲು ಮುಗಿದು ಮರ್ಯಾದೆ ಹೋಗುವುದುಂಟು. ನಿನ್ನೆ ಬಳಸಿದ ಸೆಲ್ಲಿನಲ್ಲಿ ‘ಇನ್ನೂ ಸ್ವಲ್ಪ ಇದೆ’ ಎಂದು ನಂಬಬೇಡಿ. ಮುಹೂರ್ತಕ್ಕೆ ಅರ್ಧ ಗಂಟೆ ಮೊದಲು ಹೊಸದನ್ನು ಹಾಕಿ, ಇನ್ನೊಂದು ಜೊತೆಯನ್ನು ಜೇಬಿನಲ್ಲಿಡಿ. ಮಿಕ್ಸರಿನ ಪಕ್ಕದಲ್ಲಿ ತಂತಿಯಿರುವ ಒಂದು ಮೈಕನ್ನು ಜೋಡಿಸಿಯೇ ಇಟ್ಟಿರಿ. ತಂತಿಯಿಲ್ಲದ್ದು ಕೈಕೊಟ್ಟ ದಿನ ತಂತಿಯಿರುವುದು ಕಾಪಾಡುತ್ತದೆ.

ಎಷ್ಟು ಜೋರು ಸಾಕು?

ಮೈಕ್ ಇದ್ದ ಮಾತ್ರಕ್ಕೆ ಅಬ್ಬರಿಸಬೇಕೆಂದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಗಿನ 6ರವರೆಗೆ ಹೊರಗೆ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಂಥ ಕೆಲವು ಗೊತ್ತಾದ ದಿನಗಳಲ್ಲಿ ಮಾತ್ರ ಸರ್ಕಾರ ಸಡಿಲಿಕೆ ಕೊಡಬಹುದು. ನಮ್ಮ ಬಡಾವಣೆಗಳಲ್ಲಿ ಮಂಟಪದ ಗೋಡೆಗೆ ತಾಗಿಯೇ ಮನೆಗಳಿವೆ. ಅಲ್ಲಿ ಪರೀಕ್ಷೆಗೆ ಓದುವ ನಿಮ್ಮಂಥವರೂ ಕಾಯಿಲೆಯ ಹಿರಿಯರೂ ಇರುತ್ತಾರೆ. ದಿನವೂ ಬಾಕ್ಸಿನ ಮುಂದೆಯೇ ನಿಲ್ಲುವ ಓಲಗದವರ ಕಿವಿಯ ಗತಿಯನ್ನೂ ನೆನೆಯಿರಿ. ಅತಿ ಸದ್ದಿನಿಂದ ಕೆಟ್ಟ ಒಳಗಿವಿಯ ಕೂದಲು ಕೋಶಗಳು ಮತ್ತೆ ಬೆಳೆಯುವುದಿಲ್ಲ. ಕಿವಿಯೇ ಬದುಕಾದವರಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೆ ಏನಿದೆ?

ಒಳ್ಳೆಯ ಕ್ಲಿಪ್ ಮೈಕಿನ ನಿಜವಾದ ಉಪಯೋಗ ಇಲ್ಲಿಯೇ. ಹತ್ತಿರದಿಂದ, ಸ್ಪಷ್ಟವಾಗಿ ಹಿಡಿದ ಸ್ವರವನ್ನು ಕಡಿಮೆ ಸದ್ದಿನಲ್ಲಿಯೇ ಎಲ್ಲರಿಗೂ ಕೇಳಿಸಬಹುದು. ಸದ್ದು ಹೆಚ್ಚಿಸದೆ ಕೇಳುವಿಕೆ ಹೆಚ್ಚಿಸಿದರೆ ಆ ಮೈಕಿನವರು ತಮ್ಮ ಕೆಲಸ ಬಲ್ಲವರೆಂದು ತಿಳಿಯಿರಿ.

ನೀವೇ ಮಾಡಿ ನೋಡಿ

ಒಂದು: ಗೆಳೆಯರೊಬ್ಬರು ಕೊಳಲು ನುಡಿಸಲಿ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ, ಮೊದಲು ಊದುವ ರಂಧ್ರದ ಹತ್ತಿರ, ಆಮೇಲೆ ನಡುವೆ, ಕೊನೆಗೆ ತುದಿಯ ಹತ್ತಿರ. ಮೂರನ್ನೂ ಹೋಲಿಸಿ ಕೇಳಿ. ವ್ಯತ್ಯಾಸವೇನು, ಏಕೆ?

ಎರಡು: ಕಾಲೇಜಿನ ಕಾರ್ಡ್‌ಲೆಸ್ ಮೈಕಿನ ಸೊಂಟದ ಪೆಟ್ಟಿಗೆಯ ಆಂಟೆನಾವನ್ನು ಅಂಗೈಯಿಂದ ಮುಚ್ಚಿ ದೂರ ನಡೆಯಿರಿ. ಕೈ ತೆಗೆದು ಮತ್ತೆ ನಡೆಯಿರಿ. ಎಷ್ಟು ದೂರದಲ್ಲಿ ಸದ್ದು ಕತ್ತರಿಸಿತೆಂದು ಎರಡೂ ಸಲ ಅಳೆಯಿರಿ.

ಮೂರು: 606.0 ಮತ್ತು 606.5 ಮೆಗಾಹರ್ಟ್ಸ್‌ನ ಎರಡು ಮೈಕುಗಳಿವೆ. ಮೂರನೆಯದನ್ನು ಇಡಬಾರದ ಎರಡು ಆವೃತ್ತಿಗಳು ಯಾವುವು?

ಮುಂದಿನ ಸಲ ಮದುವೆಗೆ ಹೋದಾಗ, ಊಟದ ಪಂಕ್ತಿಗೆ ಓಡುವ ಮೊದಲು ಓಲಗದವರ ಬಳಿ ಐದು ನಿಮಿಷ ನಿಲ್ಲಿ. ಬಿಡುವಿದ್ದಾಗ ‘ಅಣ್ಣಾ, ಈ ಮೈಕನ್ನು ಹೀಗೆ ಓರೆಯಾಗಿ ಏಕೆ ಇಟ್ಟಿದ್ದೀರಿ?’ ಎಂದು ಕೇಳಿ. ಪುಸ್ತಕದಲ್ಲಿ ಇಲ್ಲದ ಒಂದೆರಡು ಮಾತು ಖಂಡಿತ ಸಿಕ್ಕೀತು. ತಮ್ಮ ವಾದ್ಯದ ಬಗ್ಗೆ ಒಬ್ಬ ವಿದ್ಯಾರ್ಥಿ ಕೇಳಿದನಲ್ಲ, ಕೇಳಿದಳಲ್ಲ ಎಂಬ ಸಂತೋಷ ಅವರಿಗೂ ಸಿಗುತ್ತದೆ.